ಕುಯ್ಲಿಗೆ ಮುಂಚೆ ಯಾವ ಊರು: ಹೊಸ ಸಂಗೀತದ ಉತ್ಸವಗಳಲ್ಲಿ ನಿಮಗೆ ಒಗ್ಗುವುದು ಯಾವುದು?

ಕಾಫಿ ತೋಟ ಇಟ್ಟುಕೊಂಡವರಿಗೆ ಊರು ಬಿಡಲು ವರ್ಷದಲ್ಲಿ ಎರಡೇ ಸಂದು ಸಿಗುತ್ತವೆ. ಒಂದು, ಜುಲೈ ಆಗಸ್ಟಿನ ಜಡಿಮಳೆ. ಆಗ ತೋಟಕ್ಕೆ ಇಳಿದರೂ ಜಿಗಣೆಗೆ ರಕ್ತ ಕೊಟ್ಟು ಬರುವುದಷ್ಟೇ ಕೆಲಸ. ಇನ್ನೊಂದು, ಕೈಲ್ ಮುಹೂರ್ತ ಕಳೆದು ಮಳೆ ಹಿಂದೆ ಸರಿದ ಮೇಲೆ, ಅರೇಬಿಕಾ ಹಣ್ಣಾಗುವುದಕ್ಕೆ ಮುಂಚಿನ ಐದಾರು ವಾರ. ಪುತ್ತರಿಯ ಹೊತ್ತಿಗೆ ಕುಯ್ಲು ಹಿಡಿದರೆ ಆಮೇಲೆ ರೊಬಸ್ಟಾ, ಕಾಳುಮೆಣಸು, ಹೂಮಳೆಗೆ ಕಾಯುವುದು ಎಂದು ಏಪ್ರಿಲ್ ದಾಟುತ್ತದೆ. ಮದುವೆಗೆ ಹೋದರೂ ಮನಸ್ಸೆಲ್ಲ ಕಣದಲ್ಲಿ ಹರವಿದ ಕಾಫಿಯ ಮೇಲೆ. ಹೊಸ ಶಾಸ್ತ್ರೀಯ ಸಂಗೀತದ ಉತ್ಸವವೊಂದಕ್ಕೆ ಹೋಗಬೇಕೆಂದಿದ್ದೇನೆ, ಯಾವುದನ್ನು ಆರಿಸಲಿ ಎಂದು ಈ ವರ್ಷ ಮೂವರು ಸ್ನೇಹಿತರು ನನ್ನನ್ನು ಕೇಳಿದರು. ಮೂವರಿಗೂ ನಾನು ಮೊದಲು ಹಾಕಿದ ಪ್ರಶ್ನೆ ಒಂದೇ: ನಿಮ್ಮದು ಅರೇಬಿಕಾವೋ, ರೊಬಸ್ಟಾವೋ?

ಮೂವರೂ ನಕ್ಕರು. ಆದರೆ ತಾರೀಕುಗಳನ್ನು ಮುಂದಿಟ್ಟುಕೊಂಡು ನೋಡಿ. ಅಮೆರಿಕದ ಕ್ಯಾಬ್ರಿಯೊ ಉತ್ಸವ ಜುಲೈ ಕೊನೆಯಿಂದ ಆಗಸ್ಟಿನವರೆಗೆ, ನಮ್ಮ ಜಡಿಮಳೆಯಲ್ಲಿ. ಪೋಲೆಂಡಿನ ‘ವಾರ್ಸಾ ಶರತ್ಕಾಲ’ ಸೆಪ್ಟೆಂಬರ್ ಉತ್ತರಾರ್ಧದಲ್ಲಿ. ಜರ್ಮನಿಯ ಡೊನೌಎಶಿಂಗೆನ್ ಅಕ್ಟೋಬರ್ ನಡುವೆ. ವಿಯೆನ್ನಾದ ‘ವೀನ್ ಮೊಡೆರ್ನ್’ ಅಕ್ಟೋಬರ್ ಕೊನೆಯಿಂದ ನವೆಂಬರ್ ಪೂರ್ತಿ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ನವೆಂಬರ್ ಉತ್ತರಾರ್ಧದಲ್ಲಿ, ಅಂದರೆ ಅರೇಬಿಕಾ ಬೆಳೆಗಾರನಿಗೆ ತೀರಾ ಅನನುಕೂಲವಾದ ಹೊತ್ತಿನಲ್ಲಿ. ರೊಬಸ್ಟಾದವರು ಧೈರ್ಯ ಮಾಡಬಹುದು, ಅವರ ಹಣ್ಣಿಗೆ ಇನ್ನೂ ಒಂದೆರಡು ತಿಂಗಳ ಸಮಯವಿರುತ್ತದೆ.

ಇಲ್ಲಿ ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯಲ್ಲಿ ಹೆಚ್ಚುಕಡಿಮೆ ಎರಡನೆಯ ಮಹಾಯುದ್ಧದಿಂದೀಚೆಗೆ ಬಂದ ಸಂಗೀತದ ವಿಚಾರ. ಬರೆದವರಲ್ಲಿ ಅನೇಕರು ಇನ್ನೂ ಬದುಕಿರುವವರು, ಎಷ್ಟೋ ಸಲ ಅದೇ ಸಭಾಂಗಣದ ನಾಲ್ಕನೆಯ ಸಾಲಿನಲ್ಲಿ ಬೆರಳು ಕಚ್ಚಿಕೊಂಡು ಕೂತಿರುವವರು. ನಮ್ಮ ಸಂಗೀತ ಸಭೆಗಳ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಹಾಡುವವರ ಹೆಸರು. ಅದರ ಕೆಳಗೆ ಪಿಟೀಲು ಯಾರು, ಮೃದಂಗ ಯಾರು ಎಂದಿರುತ್ತದೆ. ಅಂದು ಹಾಡುವುದು ತ್ಯಾಗರಾಜರದೋ ದೀಕ್ಷಿತರದೋ ಎಂಬುದು ವಿದ್ವಾಂಸರು ವೇದಿಕೆ ಹತ್ತಿ ಶ್ರುತಿ ಸೇರಿಸಿದ ಮೇಲೆಯೇ ತಿಳಿಯುವುದು. ಈ ಉತ್ಸವಗಳ ಕರಪತ್ರ ಅದಕ್ಕೆ ತಲೆಕೆಳಗು: ದಪ್ಪಕ್ಷರದಲ್ಲಿ ಸಂಯೋಜಕರ ಹೆಸರು, ನುಡಿಸುವವರು ಸಣ್ಣಕ್ಷರದಲ್ಲಿ. ಹಾಗೆಂದು ಹೆಸರುಗಳ ಪಟ್ಟಿ ನೋಡಿ ಟಿಕೆಟ್ ತೆಗೆಯಬೇಡಿ ಎನ್ನುವುದು ನನ್ನ ಸಲಹೆ. ದೊಡ್ಡ ಹೆಸರುಗಳು ಒಂದಲ್ಲ ಒಂದು ವರ್ಷ ಎಲ್ಲ ಕಡೆಯೂ ಬಂದುಹೋಗುತ್ತವೆ. ಒಂದು ಉತ್ಸವ ತನ್ನ ಸಂಯೋಜಕನನ್ನು ಹೇಗೆ ನಡೆಸಿಕೊಳ್ಳುತ್ತದೆ, ನಿಮ್ಮ ಕಿವಿಗೆ ಎಷ್ಟು ಸಮಯ ಕೊಡುತ್ತದೆ ಎಂಬುದು ಮಾತ್ರ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗುವುದಿಲ್ಲ.

ನದಿ ಹುಟ್ಟುವ ಊರಿನಲ್ಲಿ

ಡೊನೌಎಶಿಂಗೆನ್ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಅಂಚಿನಲ್ಲಿರುವ, ಮಡಿಕೇರಿಗಿಂತಲೂ ಚಿಕ್ಕದಾದ ಊರು. ಅಲ್ಲಿಯ ಅರಮನೆಯ ಪಕ್ಕದಲ್ಲಿ ಕಲ್ಲಿನ ಕಟಾಂಜನ ಕಟ್ಟಿದ ದುಂಡನೆಯ ಕೊಳವೊಂದಿದೆ. ಡ್ಯಾನ್ಯೂಬ್ ನದಿ ಹುಟ್ಟುವುದು ಇಲ್ಲೇ ಎಂದು ಊರವರು ತೋರಿಸುತ್ತಾರೆ. ಬೆಟ್ಟದ ಮೇಲಿನ ಫುರ್ಟ್‌ವಾಂಗೆನ್‌ನವರು ಇದನ್ನು ಒಪ್ಪುವುದಿಲ್ಲ. ನಿಜವಾದ ಮೂಲ ತಮ್ಮ ಕಡೆಯ ಬ್ರೆಗ್ ತೊರೆಯದು ಎಂಬುದು ಅವರ ಹಳೆಯ ತಕರಾರು. ಆ ಕೊಳದ ಕಟಾಂಜನಕ್ಕೆ ಒರಗಿ ನಿಂತಾಗ ನನಗೆ ನೆನಪಾದದ್ದು ತಲಕಾವೇರಿಯ ಕುಂಡಿಕೆ. ತಾರೀಕು ನೋಡಿದರೆ ಇನ್ನೂ ಸೋಜಿಗ. ತುಲಾ ಸಂಕ್ರಮಣದ ತೀರ್ಥೋದ್ಭವ ಅಕ್ಟೋಬರ್ 17ರ ಆಸುಪಾಸು. ಅಲ್ಲಿಯ ಸಂಗೀತದ ದಿನಗಳು ಬೀಳುವುದೂ ಅದೇ ವಾರದಲ್ಲಿ. 2024ರಲ್ಲಂತೂ ಎರಡೂ ಒಂದೇ ದಿನ, ಅಕ್ಟೋಬರ್ 17.

1921ರಲ್ಲಿ ಫ್ಯೂರ್ಸ್ಟೆನ್‌ಬರ್ಗ್ ರಾಜಮನೆತನದ ಆಶ್ರಯದಲ್ಲಿ ಶುರುವಾದ ಈ ಉತ್ಸವ ಹೊಸ ಸಂಗೀತಕ್ಕೆಂದೇ ಮೀಸಲಾದವುಗಳಲ್ಲಿ ಬಹಳ ಹಳೆಯದು. ಮೊದಲ ವರ್ಷವೇ ಇಪ್ಪತ್ತೈದರ ಪಾಲ್ ಹಿಂಡೆಮಿತ್ ತನ್ನ ತಂತಿವಾದ್ಯ ಚತುಷ್ಕವನ್ನು ತಂದು, ತಾನೇ ವಿಯೋಲಾ ಹಿಡಿದು ಕೂತು ಹೆಸರು ಮಾಡಿದ. 1950ರಿಂದ ಪ್ರಾದೇಶಿಕ ಬಾನುಲಿ ಜೊತೆಗೂಡಿತು, ಅದರ ಆರ್ಕೆಸ್ಟ್ರಾ ಉತ್ಸವದ ಬೆನ್ನೆಲುಬಾಯಿತು. ಇಲ್ಲಿಯ ನಿಯಮ ಸರಳ: ಈವರೆಗೆ ಯಾರೂ ಕೇಳದಿರುವುದನ್ನು ಬರೆಸು, ನುಡಿಸು. ಕ್ಸೆನಾಕಿಸ್‌ನ ‘ಮೆಟಾಸ್ಟಾಸೈಸ್’ 1955ರಲ್ಲಿ, ಮೆಸಿಯಾನ್‌ನ ‘ಕ್ರೊನೊಕ್ರೊಮಿ’ 1960ರಲ್ಲಿ, ಲಿಗೆಟಿಯ ‘ಅಟ್ಮೊಸ್ಫೇರ್’ 1961ರಲ್ಲಿ, ಸ್ಟಾಕ್‌ಹೌಸೆನ್‌ನ ‘ಮಂತ್ರ’ 1970ರಲ್ಲಿ, ಬುಲೇಜ್‌ನ ‘ರೆಪೋನ್’ 1981ರಲ್ಲಿ ಮೊದಲ ಸಲ ಕೇಳಿಬಂದದ್ದು ಈ ಪುಟ್ಟ ಊರಿನಲ್ಲಿ, ಅಕ್ಟೋಬರ್ ಚಳಿಯಲ್ಲಿ. ‘ಅಟ್ಮೊಸ್ಫೇರ್’ ಮುಗಿದಾಗ ಜನ ಎಷ್ಟು ಚಪ್ಪಾಳೆ ತಟ್ಟಿದರೆಂದರೆ ಅದನ್ನು ಪೂರ್ತಿ ಇನ್ನೊಮ್ಮೆ ನುಡಿಸಬೇಕಾಯಿತು.

ಈ ಪಟ್ಟಿಯನ್ನು ಓದಿ ಮರುಳಾಗಬೇಡಿ. ಇತಿಹಾಸ ಉಳಿಸಿಕೊಂಡದ್ದು ಇವನ್ನು. ಅದೇ ವಾರಗಳಲ್ಲಿ ಮೊದಲ ಸಲ ಕೇಳಿಬಂದು, ಮತ್ತೆಂದೂ ಕೇಳದೇ ಹೋದ ಕೃತಿಗಳಿಗೆ ಲೆಕ್ಕವಿಲ್ಲ. ನಾಲ್ಕು ದಿನದಲ್ಲಿ ನಿಮ್ಮ ಕಿವಿಗೆ ಬೀಳುವುದರಲ್ಲಿ ಮುಕ್ಕಾಲು ಪಾಲು ನಿಮಗೆ ಹಿಡಿಸದೇ ಇರಬಹುದು. ನನಗೆ ಹಿಡಿಸಲಿಲ್ಲ. ಕಚೇರಿ ನಡೆಯುವ ಜಾಗಗಳಲ್ಲಿ ಒಂದು ಊರಿನ ಕ್ರೀಡಾಂಗಣ, ಚಾವಣಿ ಎತ್ತರದ ದೊಡ್ಡ ಹಾಲ್. ಅಲ್ಲಿ ಒಂದು ಸಂಜೆ ಚೆಲ್ಲೊ ಹಿಡಿದ ಹುಡುಗಿಯೊಬ್ಬಳು ಕಮಾನನ್ನು ತಂತಿಗೆ ತಾಗಿಸಿಯೂ ತಾಗಿಸದಂತೆ ಇಪ್ಪತ್ತು ನಿಮಿಷ ಎಳೆದಳು. ಸ್ವರ ಹುಟ್ಟುವ ಮುಂಚಿನ ಕೂದಲೆಳೆಯ ಸದ್ದು ಮಾತ್ರ. ಕಮಾನಿನ ಒಂದು ಕುದುರೆಗೂದಲು ತುಂಡಾಗಿ, ತುದಿಯಿಂದ ಜೋತು ದೀಪದ ಬೆಳಕಿನಲ್ಲಿ ತೇಲುತ್ತಿತ್ತು, ಅವಳು ಅದನ್ನು ಕೀಳಲಿಲ್ಲ. ನನ್ನ ಜೊತೆಗೆ ಬಂದಿದ್ದ ತಂಗಿಯ ಮಗಳು, ಸ್ಟುಟ್‌ಗಾರ್ಟಿನಲ್ಲಿ ಎಂಜಿನಿಯರ್, ಹತ್ತನೆಯ ನಿಮಿಷಕ್ಕೆ ಕಿವಿಯಲ್ಲಿ ಕೇಳಿದಳು:

“ಮಾವ, ಶ್ರುತಿ ಮಾಡಿಕೊಳ್ಳುವುದು ಇನ್ನೂ ಮುಗಿಯಲಿಲ್ಲವೇ?”

ಮುಗಿದಾಗ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಧಿಕ್ಕಾರದ ಕೂಗು ಹಾಕಿದರು. ಅವರ ಪಕ್ಕದ ಹೆಂಗಸು, ಬಹುಶಃ ಹೆಂಡತಿ, ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಮರುದಿನ ಬೆಳಿಗ್ಗೆ ಇಬ್ಬರೂ ಅದೇ ಸಾಲಿನಲ್ಲಿ ಹಾಜರು. ಈ ಊರಿನ ಕೇಳುಗರ ಸ್ವಭಾವ ಅಂಥದು, ಮತ್ತು ನಾನು ಮತ್ತೆ ಹೋಗಬೇಕೆನ್ನುವುದು ಅದಕ್ಕಾಗಿಯೇ. ಮೊದಲ ಮಳೆಗೆ ಮಣ್ಣಿನಿಂದ ಏನು ಏಳುತ್ತದೋ ಗೊತ್ತಿಲ್ಲದೆ ಕಾಯುವ ಹುಕಿ ನಿಮಗಿದ್ದರೆ ಈ ಊರು ನಿಮ್ಮದು. ಕೊಟ್ಟ ಕಾಸಿಗೆ ಖಾತರಿ ಬೇಕೆನ್ನುವವರು ಮುಂದೆ ಓದಿ.

ಹೋಗುವುದೇ ಆದರೆ ವಸತಿಯನ್ನು ಬೇಸಿಗೆಯಲ್ಲೇ ಹಿಡಿಯಿರಿ. ದಸರಾ ದಶಮಂಟಪದ ರಾತ್ರಿ ಮಡಿಕೇರಿಯಲ್ಲಿ ಕೋಣೆ ಹುಡುಕಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನನಗೆ ಸಿಕ್ಕಿದೆ ಎಂದುಕೊಂಡಿದ್ದ ಕೋಣೆ ಅಲ್ಲಿಗೆ ತಲುಪಿದಾಗ ಬೇರೆಯವರ ಪಾಲಾಗಿತ್ತು. ಪಕ್ಕದ ಫಿಲ್ಲಿಂಗೆನ್‌ನಲ್ಲಿ ಉಳಿದು ದಿನಾ ರೈಲಿನಲ್ಲಿ ಓಡಾಡಿದೆವು. ಅದೂ ಕೆಡುಕಾಗಲಿಲ್ಲ. ಫ್ರಾಂಕ್‌ಫರ್ಟಿಗೆ ಬೆಂಗಳೂರಿನಿಂದ ನೇರ ವಿಮಾನವಿದೆ. ಅಲ್ಲಿಂದ ಕೊನೆಯ ಹಾದಿ ಬ್ಲ್ಯಾಕ್ ಫಾರೆಸ್ಟ್ ರೈಲಿನದು: ಸುರಂಗದ ಮೇಲೆ ಸುರಂಗ, ನಡುನಡುವೆ ಕಣಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿದವರಿಗೆ ಕಿಟಕಿಯ ಪಕ್ಕ ಕೂರಲು ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಅಡ್ಡಮಾತು. ಆ 1921ರ ಉತ್ಸವದ ಗೌರವ ಸಮಿತಿಯಲ್ಲಿ ರಿಚರ್ಡ್ ಸ್ಟ್ರಾಸ್ ಇದ್ದ. ಅವನು ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದಾಗ ಆ ಕಚೇರಿಯ ಖರ್ಚಿಗೆ ಹೊಣೆ ನಿಂತವರು ನಮ್ಮ ಪಕ್ಕದ ಮೈಸೂರಿನ ಜಯಚಾಮರಾಜ ಒಡೆಯರು. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಅವರೇ. ತಾವೂ ವಾಗ್ಗೇಯಕಾರರಾಗಿದ್ದು, ಬದುಕಿರುವ ಇನ್ನೊಬ್ಬ ಸಂಯೋಜಕನಿಗೆ ದುಡ್ಡು ಬಿಚ್ಚಿದವರು. ಈ ಸಂಗೀತ ನಮಗೆ ದೂರದ್ದು ಎನ್ನುವವರಿಗೆ ನಾನು ಈ ಕಥೆ ಹೇಳುವುದುಂಟು.

ನಮ್ಮ ಕಿವಿಗಿರುವ ಅನುಕೂಲ

ಉಳಿದ ಊರುಗಳಿಗೆ ಹೋಗುವ ಮುಂಚೆ ಇದನ್ನು ಹೇಳಿಬಿಡಬೇಕು. ಹೊಸ ಸಂಗೀತ ಅರ್ಥವಾಗದು ಎನ್ನುವವರಲ್ಲಿ ಹೆಚ್ಚಿನವರು ಅದರಲ್ಲಿ ಹಾಡು ಹುಡುಕುತ್ತಾರೆ. ಕ್ಸೆನಾಕಿಸ್ ವೃತ್ತಿಯಿಂದ ಎಂಜಿನಿಯರ್. ಚಂಡೀಗಢದ ನಕಾಶೆ ಮಾಡಿದ ಲ ಕಾರ್ಬ್ಯೂಸಿಯೆಯ ಕಚೇರಿಯಲ್ಲಿ ದುಡಿದವನು. ಗಟ್ಟಿ ನೆಲಕ್ಕೆ ಬಡಿಯುವ ಮಳೆ, ಬಯಲಿನಲ್ಲಿ ಒಟ್ಟಿಗೆ ಕಿರುಗುಟ್ಟುವ ಜೀರುಂಡೆಗಳು ಇವುಗಳ ಸದ್ದನ್ನೇ ಅವನು ಮಾದರಿಯಾಗಿ ಹೇಳಿಕೊಂಡ. ಒಂದೊಂದು ಹನಿಯನ್ನು ಎಣಿಸಲಾಗದು, ಆದರೆ ಒಟ್ಟು ಸದ್ದಿಗೆ ಒಂದು ಆಕಾರವಿದೆ, ಅದು ಏರುತ್ತದೆ, ತೆಳುವಾಗುತ್ತದೆ. ‘ಮೆಟಾಸ್ಟಾಸೈಸ್’ನಲ್ಲಿ ನಲವತ್ತಾರು ತಂತಿವಾದ್ಯದವರಿಗೆ ನಲವತ್ತಾರು ಬೇರೆ ಬೇರೆ ಸಾಲು ಬರೆದಿದ್ದಾನೆ; ಒಂದೇ ಸ್ವರದಿಂದ ಹೊರಟು ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಜಾರುತ್ತಾ ಹರಡಿಕೊಳ್ಳುತ್ತಾರೆ. ಭಾಗಮಂಡಲದಲ್ಲಿ ಒಂದು ಮಳೆಗಾಲ ಕಳೆದವನಿಗೆ ಇದನ್ನು ಪಾಠ ಮಾಡಬೇಕೇ? ಮದುವೆ ಮನೆಯ ವಾಲಗದಲ್ಲಿ ಕೊಂಬು ಏಳುವ ಬಗೆಯನ್ನು ನೆನಪಿಸಿಕೊಳ್ಳಿ. ಅದು ಮೆಟ್ಟಿಲು ಹತ್ತುವುದಿಲ್ಲ, ಇಳಿಜಾರಿನಲ್ಲಿ ಜಾರಿದಂತೆ ಏರುತ್ತದೆ.

ಮೆಸಿಯಾನ್ ವಿಚಾರವೂ ಹಾಗೆಯೇ. ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿರುವ ನೂರಿಪ್ಪತ್ತು ದೇಶೀ ತಾಳಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡಿದವನು ಆತ. ‘ಕ್ರೊನೊಕ್ರೊಮಿ’ಯ ಒಂದು ಭಾಗದಲ್ಲಿ ಹದಿನೆಂಟು ತಂತಿವಾದ್ಯಗಳು ಏಕಕಾಲಕ್ಕೆ ಹದಿನೆಂಟು ಹಕ್ಕಿಗಳ ಕೂಗನ್ನು ನುಡಿಸುತ್ತವೆ. ಪ್ಯಾರಿಸ್ಸಿನ ಸಭಾಂಗಣದಲ್ಲಿ ಕೂತವನಿಗೆ ಅದು ಗದ್ದಲ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ಆರಕ್ಕೆ ತೋಟದ ಮನೆಯ ಜಗುಲಿಯಲ್ಲಿ ಕೂತವನಿಗೆ ಅದು ದಿನನಿತ್ಯದ ವರದಿ.

ವಾರ್ಸಾ, ಖಾತರಿ ಬೇಕೆನ್ನುವವರಿಗೆ

ನನ್ನನ್ನು ಕೇಳಿದ ಮೂವರಲ್ಲಿ ಇಬ್ಬರಿಗೆ ನಾನು ಹೇಳಿದ್ದು ವಾರ್ಸಾ. ಕಾರಣ ಒಂದು, ಕಾಲ: ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಅರೇಬಿಕಾ ಇನ್ನೂ ಹಸಿರು. ಕಾರಣ ಎರಡು, ಹಣ: ಪೋಲೆಂಡಿನಲ್ಲಿ ಊಟ ವಸತಿ ಜರ್ಮನಿಗಿಂತ ಅಗ್ಗ. ಮೂರನೆಯದು ಮುಖ್ಯ. ಇಲ್ಲಿ ನಿನ್ನೆ ಬರೆದದ್ದರ ಪಕ್ಕದಲ್ಲೇ ಅರವತ್ತು ವರ್ಷದ ಹಿಂದೆ ಬರೆದದ್ದನ್ನೂ ನುಡಿಸುತ್ತಾರೆ, ಹಾಗಾಗಿ ಕಿವಿಗೆ ಹಿಡಿದುಕೊಳ್ಳಲು ಒಂದು ಕಂಬ ಸಿಗುತ್ತದೆ.

ಸಂಯೋಜಕರ ಸಂಘದ ಇಬ್ಬರು, ತದೇವುಷ್ ಬೈರ್ಡ್ ಮತ್ತು ಕಾಜಿಮೆಜ್ ಸೆರೊಟ್ಸ್ಕಿ, ಇದನ್ನು ಶುರುಮಾಡಿಸಿದ್ದು 1956ರಲ್ಲಿ. ಆಗಿನ ಕಮ್ಯುನಿಸ್ಟ್ ಬಣದ ದೇಶಗಳಲ್ಲಿ ಪಶ್ಚಿಮದ ಹೊಸ ಸಂಗೀತಕ್ಕೆ ಬಾಗಿಲು ಮುಚ್ಚಿದ್ದ ಕಾಲ. ವಾರ್ಸಾ ಒಂದು ಕಿಟಕಿ ತೆರೆಯಿತು. 1957ರಲ್ಲಿ ನಡೆಯಲಿಲ್ಲ. ಮತ್ತೆ ತಪ್ಪಿದ್ದು 1982ರಲ್ಲಿ, ದೇಶದಲ್ಲಿ ಸೇನಾ ಕಾನೂನು ಇದ್ದಾಗ. ಆ ಕಿಟಕಿಯಿಂದ ಒಳಬಂದ ಗಾಳಿಗೆ ಪೋಲೆಂಡಿನ ಒಂದು ಇಡೀ ತಲೆಮಾರು ಚಿಗುರಿತು. 1959ರಲ್ಲಿ ಇಪ್ಪತ್ತೈದು ವರ್ಷದ ಕ್ರಿಸ್ಟೊಫ್ ಪೆಂಡೆರೆಟ್ಸ್ಕಿ ಹೆಸರು ಮರೆಸಿ ಕಳಿಸಿದ ಮೂರು ಕೃತಿಗಳಿಗೆ ಯುವ ಸಂಯೋಜಕರ ಸ್ಪರ್ಧೆಯಲ್ಲಿ ಮೂರು ಬಹುಮಾನ ಬಂದವು. ಎರಡು ವರ್ಷದ ನಂತರ ಐವತ್ತೆರಡು ತಂತಿವಾದ್ಯಗಳಿಗೆ ಬರೆದ ಅವನ ಕೃತಿ ಈ ಉತ್ಸವದ ವೇದಿಕೆಯಲ್ಲಿ ಚೀರಿತು. ಅದಕ್ಕೆ ಮೊದಲು ಅವನಿಟ್ಟ ಹೆಸರು ಬರೀ ‘8 ನಿಮಿಷ 37 ಸೆಕೆಂಡ್’. ಹಿರೋಷಿಮಾದಲ್ಲಿ ಸತ್ತವರಿಗೆ ಶೋಕಗೀತೆ ಎಂಬ ಹೆಸರು ಆಮೇಲೆ ಬಂದದ್ದು. ಹೆಸರು ಬದಲಾದೊಡನೆ ಅದೇ ಚೀರಾಟ ಎಲ್ಲರಿಗೂ ‘ಅರ್ಥವಾಗ’ತೊಡಗಿತು. ಮೊದಲ ಸಲ ಕೇಳುವವರಿಗೆ ನಾನು ಹೆಸರನ್ನು ಹೇಳುವುದೇ ಇಲ್ಲ.

ಇಲ್ಲಿ ಸಿಗುವ ಇನ್ನೊಂದು ಲಾಭ, ಒಬ್ಬನೇ ಸಂಯೋಜಕ ಎಷ್ಟು ದೂರ ನಡೆದಿದ್ದಾನೆ ಎಂದು ನೋಡುವುದು. ಹೆನ್ರಿಕ್ ಗುರೆಟ್ಸ್ಕಿಯ ‘ಸ್ಕೊಂಟ್ರಿ’ 1960ರಲ್ಲಿ ವಾರ್ಸಾದಲ್ಲಿ ಮೊದಲು ಕೇಳಿಬಂದಾಗ ಅದಕ್ಕಿಂತ ಒರಟಾದದ್ದು ಇರಲಾರದು ಎನಿಸಿದ್ದರೆ ಆಶ್ಚರ್ಯವಿಲ್ಲ. ಅದೇ ಮನುಷ್ಯ 1976ರಲ್ಲಿ ಬರೆದ ಮೂರನೆಯ ಸಿಂಫನಿ ಮೂರು ನಿಧಾನಗತಿಯ ಶೋಕಗೀತೆ, ಮಗುವಿಗೂ ಹಿಡಿಯುವಷ್ಟು ಸರಳ. 1992ರಲ್ಲಿ ಹೊರಬಂದ ಅದರ ಧ್ವನಿಮುದ್ರಣ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಒಂದರ ಹಿಂದೆ ಒಂದನ್ನು ಕೇಳಿ, ಯಾವುದು ನಿಮ್ಮನ್ನು ಎರಡನೆಯ ಸಲಕ್ಕೆ ಕರೆಯುತ್ತದೆ ನೋಡಿ. ಮೊದಲನೆಯದಾದರೆ ಡೊನೌಎಶಿಂಗೆನ್‌ಗೆ ಹೋಗಬಹುದು. ಎರಡನೆಯದಾದರೆ ಕ್ಯಾಲಿಫೋರ್ನಿಯಾ. ಎರಡೂ ಆದರೆ ವಾರ್ಸಾದಲ್ಲೇ ಇರಿ, ಲುಟೊಸ್ಲಾವ್ಸ್ಕಿಯನ್ನೂ ಗ್ರಾಜಿನಾ ಬಾಟ್ಸೆವಿಚ್ ಎಂಬ ಪಿಟೀಲುಗಾರ್ತಿ ಸಂಯೋಜಕಿಯನ್ನೂ ಬಿಡಬೇಡಿ. ಬಾಟ್ಸೆವಿಚ್ 1958ರಲ್ಲಿ ತಂತಿ, ತುತ್ತೂರಿ, ತಾಳವಾದ್ಯಗಳಿಗೆ ಬರೆದ ಕೃತಿ ಇಪ್ಪತ್ತೇ ನಿಮಿಷದ್ದು, ಒಂದು ಸೆಕೆಂಡೂ ದಂಡವಿಲ್ಲ.

ಕಾಫಿ ಅಂಗಡಿಯಲ್ಲಿ ಹುಟ್ಟಿದ್ದು

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ನಡೆಯುವ ಕ್ಯಾಬ್ರಿಯೊ ಉತ್ಸವದ ಮೂಲ ಕೇಳಿದರೆ ನಮ್ಮವರಿಗೆ ಖುಷಿಯಾಗುತ್ತದೆ. ಪಕ್ಕದ ಆಪ್ಟೊಸ್ ಎಂಬಲ್ಲಿ ಗಂಡಹೆಂಡತಿ ನಡೆಸುತ್ತಿದ್ದ ಒಂದು ಕಾಫಿ ಅಂಗಡಿಯ ಸಂಗೀತ ಕಚೇರಿಗಳೇ ಬೆಳೆದು 1963ರಲ್ಲಿ ಉತ್ಸವವಾದದ್ದು. ಇಂಡೊನೇಷ್ಯಾದ ಗ್ಯಾಮಲಾನ್ ವಾದ್ಯಗಳಿಗೆ ಮನಸೋತ ಸಂಯೋಜಕ ಲೂ ಹ್ಯಾರಿಸನ್ ಆ ಊರಿನವರೇ ಆಗಿದ್ದು ಅದರ ಹಿಂದೆ ನಿಂತರು. ಆರ್ಕೆಸ್ಟ್ರಾ ನಿರ್ದೇಶಕಿ ಮ್ಯಾರಿನ್ ಆಲ್ಸಪ್ 1992ರಿಂದ ಇಪ್ಪತ್ತೈದು ಬೇಸಿಗೆ ಇದನ್ನು ನಡೆಸಿದರು. 2017ರಲ್ಲಿ ಆ ಹೊಣೆ ಕ್ರಿಸ್ಟಿಯನ್ ಮಚೆಲಾರು ಅವರಿಗೆ ಬಂತು.

ಇಲ್ಲಿಯ ಸಂಯೋಜಕರು ಕೇಳುಗನಿಗೆ ಬೆನ್ನು ಹಾಕಿದವರಲ್ಲ. ಜಾನ್ ಆಡಮ್ಸ್, ಜೆನ್ನಿಫರ್ ಹಿಗ್ಡನ್, ಕೆವಿನ್ ಪುಟ್ಸ್, ಮೇಸನ್ ಬೇಟ್ಸ್, ಆನಾ ಕ್ಲೈನ್ ಇಂಥವರ ಆರ್ಕೆಸ್ಟ್ರಾ ಕೃತಿಗಳಲ್ಲಿ ಲಯ ಇದೆ, ಹಾಡು ಇದೆ, ಬಣ್ಣ ಇದೆ. ಹಿಗ್ಡನ್ ತೀರಿಹೋದ ತಮ್ಮನ ನೆನಪಿಗೆ ಬರೆದ ‘ಬ್ಲೂ ಕೆಥೀಡ್ರಲ್’ ಕೇಳಿನೋಡಿ: ಕೊಳಲು ಅಕ್ಕ, ಕ್ಲ್ಯಾರಿನೆಟ್ ತಮ್ಮ. ಕ್ಯಾಬ್ರಿಯೊದ ನಿಜವಾದ ಬೆಲೆ ಮಾತ್ರ ಸಂಜೆಯ ಕಚೇರಿಯಲ್ಲಿಲ್ಲ, ಹಗಲಿನ ತೆರೆದ ತಾಲೀಮಿನಲ್ಲಿದೆ. ಸಾರ್ವಜನಿಕರು ಬಂದು ಕೂರಬಹುದು. ಸಂಯೋಜಕ ಎದುರಿಗೇ ಇರುತ್ತಾನೆ, ವಾದ್ಯದವರು ಪ್ರಶ್ನೆ ಕೇಳುತ್ತಾರೆ, ಒಂದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಗುರುಗಳ ಮನೆಯಲ್ಲಿ ಪಕ್ಕದ ಕೋಣೆಯಿಂದ ಪಾಠ ಕೇಳಿಸಿಕೊಂಡು ಕಲಿತವರಿಗೆ ಇದರ ರುಚಿ ಗೊತ್ತು. ಹೊಸದಾಗಿ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ ಎಂದು ನನ್ನ ಅಭಿಪ್ರಾಯ. ಬಾಗಿಲು ತಲುಪುವ ಖರ್ಚೇ ತೊಡಕು, ಅಮೆರಿಕದ ವೀಸಾ ಇನ್ನೊಂದು ತೊಡಕು. ಮಕ್ಕಳು ಆ ಕಡೆ ನೆಲೆಸಿದ್ದರೆ, ಹೇಗೂ ಮಳೆಗಾಲದಲ್ಲಿ ಹೋಗಿ ಮೊಮ್ಮಕ್ಕಳನ್ನು ನೋಡುವವರಾದರೆ, ಎರಡು ವಾರ ಇತ್ತ ತಿರುಗಿಸಿ.

ಒಬ್ಬನನ್ನೇ ಹಿಡಿದು ಕೇಳಬೇಕಾದರೆ

ಹಡರ್ಸ್‌ಫೀಲ್ಡ್ ಉಣ್ಣೆ ಗಿರಣಿಗಳ ಹಳೆಯ ಊರು, ಲೀಡ್ಸ್ ಮತ್ತು ಮ್ಯಾಂಚೆಸ್ಟರ್‌ಗಳ ನಡುವೆ. ನವೆಂಬರಿನಲ್ಲಿ ಮಳೆ, ಮಂಜು, ಬೇಗ ಕವಿಯುವ ಕತ್ತಲೆ. ಬೇರೆಯವರಿಗೆ ಅದು ದೂರು, ನಮಗೆ ತವರು. 1978ರಲ್ಲಿ ಅಲ್ಲಿಯ ಕಾಲೇಜಿನ ರಿಚರ್ಡ್ ಸ್ಟೈನಿಟ್ಸ್ ಶುರುಮಾಡಿದ್ದು, ಈಗಲೂ ಮುಖ್ಯ ಸಂಗೀತ ಕಚೇರಿಗಳಲ್ಲಿ ಕೆಲವು ಹಳೆಯ ಚರ್ಚೊಂದನ್ನು ಸಭಾಂಗಣ ಮಾಡಿದ ಜಾಗದಲ್ಲೇ ನಡೆಯುತ್ತವೆ. 1989ರಲ್ಲಿ ಸಂಗೀತದ ಎರಡು ವಿರುದ್ಧ ದಿಕ್ಕುಗಳಂತಿದ್ದ ಜಾನ್ ಕೇಜ್ ಮತ್ತು ಬುಲೇಜ್ ಇಬ್ಬರೂ ಈ ಗಿರಣಿ ಊರಿಗೆ ಅತಿಥಿಗಳಾಗಿ ಬಂದಿದ್ದರು.

ಇಲ್ಲಿಯ ಕ್ರಮವೆಂದರೆ ಒಬ್ಬ ಸಂಯೋಜಕನನ್ನು ಕರೆದು ಹತ್ತು ದಿನದಲ್ಲಿ ಅವನ ಬೇರೆ ಬೇರೆ ಕೃತಿಗಳನ್ನು ಹಲವು ತಂಡಗಳಿಂದ ಕೇಳಿಸುವುದು. ಡೊನೌಎಶಿಂಗೆನ್‌ನಲ್ಲಿ ನಿಮಗೆ ಒಬ್ಬನ ಒಂದು ಕೃತಿ ಸಿಗುತ್ತದೆ, ಅದು ಹಿಡಿಸದಿದ್ದರೆ ತಪ್ಪು ಕೃತಿಯದೋ ನಮ್ಮದೋ ತಿಳಿಯುವುದಿಲ್ಲ. ಇಲ್ಲಿ ಐದಾರು ಕೇಳುತ್ತೀರಿ. ಮೂರನೆಯದರ ಹೊತ್ತಿಗೆ ಆ ಮನುಷ್ಯನ ನಡಿಗೆ ಗುರುತು ಸಿಗುತ್ತದೆ. ಹೀಗೆ ಇಲ್ಲಿ ಆಳವಾಗಿ ಕೇಳಿಸಿಕೊಂಡವರಲ್ಲಿ ಸ್ವಿಟ್ಜರ್ಲೆಂಡಿನ ಯೂರ್ಗ್ ಫ್ರೈ ಮತ್ತು ಆಸ್ಟ್ರಿಯದ ಗೆಯೊರ್ಗ್ ಫ್ರೀಡ್ರಿಷ್ ಹಾಸ್ ಇದ್ದಾರೆ. ಸೋಮವಾರದ ಪುಟ್ಟ ಪುಟ್ಟ ಕಚೇರಿಗಳಿಗೆ ಟಿಕೆಟ್ಟೇ ಇಲ್ಲ.

ಕುಯ್ಲಿನ ಕಾರಣಕ್ಕೆ ಹಡರ್ಸ್‌ಫೀಲ್ಡ್ ನನ್ನ ಪಾಲಿಗೆ ಬಾನುಲಿಯ ಉತ್ಸವ. ಬಿಬಿಸಿ ರೇಡಿಯೊ 3 ಅಲ್ಲಿಯ ಕಚೇರಿಗಳನ್ನು ಪ್ರಸಾರ ಮಾಡುತ್ತದೆ. ಪೋಲೆಂಡಿನ ಬಾನುಲಿ ವಾರ್ಸಾದ್ದನ್ನು, ಜರ್ಮನಿಯ ನೈರುತ್ಯ ಬಾನುಲಿ ಡೊನೌಎಶಿಂಗೆನ್‌ದನ್ನು, ಆಸ್ಟ್ರಿಯದ ಬಾನುಲಿ ವಿಯೆನ್ನಾದ್ದನ್ನು ಕೊಡುತ್ತವೆ. ಗಡಿಯಾರದ ಲೆಕ್ಕ ಮಾತ್ರ ಸರಿಯಾಗಿ ಹಾಕಿ: ಅಕ್ಟೋಬರ್ ನಡುವೆ ಜರ್ಮನಿಯ ರಾತ್ರಿ ಎಂಟು ಎಂದರೆ ನಮಗೆ ಹನ್ನೊಂದೂವರೆ. ಇಂಗ್ಲೆಂಡಿನ ನವೆಂಬರ್ ಸಂಜೆ ಏಳೂವರೆ ಎಂದರೆ ನಮಗೆ ನಡುರಾತ್ರಿ ಒಂದು. ಕಣದ ಕಾವಲಿಗೆ ಎದ್ದಿರುವವರಿಗೆ ಅದೂ ಅನುಕೂಲವೇ.

ವಿಯೆನ್ನಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ವೀನ್ ಮೊಡೆರ್ನ್’ ಅನ್ನು ಆರ್ಕೆಸ್ಟ್ರಾ ನಿರ್ದೇಶಕ ಕ್ಲಾಡಿಯೊ ಅಬ್ಬಾಡೊ 1988ರಲ್ಲಿ ಶುರುಮಾಡಿದಾಗ ಮುಂದಿಟ್ಟ ಹೆಸರುಗಳಲ್ಲಿ ಲಿಗೆಟಿ, ನೋನೊ, ಬುಲೇಜ್, ಕುರ್ಟಾಗ್, ರೀಮ್ ಇದ್ದರು. ಈಗ ಅದು ತಿಂಗಳಿಡೀ ನಗರದ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಅದಕ್ಕೆಂದೇ ಹೋಗುವುದಕ್ಕಿಂತ, ಮೊಜಾರ್ಟ್ ಬೇಟೊವನ್‌ರ ಊರು ನೋಡಲು ಹೋದವರು ಎರಡು ಸಂಜೆ ಸೇರಿಸಿಕೊಳ್ಳುವುದು ಜಾಣತನ. ಸ್ವತಃ ನುಡಿಸುವ, ಬರೆಯುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಈ ಐದನ್ನೂ ಬಿಟ್ಟು ಜರ್ಮನಿಯ ಡಾರ್ಮ್‌ಸ್ಟಾಟ್ ನೋಡಿ. 1946ರಿಂದ ನಡೆಯುವ ಬೇಸಿಗೆ ಶಿಬಿರ ಅದು, ಈಗ ಎರಡು ವರ್ಷಕ್ಕೊಮ್ಮೆ, ಕೇಳುವವರಿಗಿಂತ ಕಲಿಯುವವರಿಗೆ. ಕೋಲ್ಕತ್ತದಲ್ಲಿ 1945ರಲ್ಲಿ ಹುಟ್ಟಿದ ಕ್ಲಾರೆನ್ಸ್ ಬಾರ್ಲೊ ವರ್ಷಗಟ್ಟಲೆ ಅಲ್ಲಿ ಕಂಪ್ಯೂಟರ್ ಸಂಗೀತ ಕಲಿಸಿದವರು. ಅವರ ಒಂದು ಪಿಯಾನೊ ಕೃತಿಗೆ ಉದ್ದನೆಯ ಟರ್ಕಿಶ್ ಹೆಸರಿದೆ, ಅದನ್ನು ಉಚ್ಚರಿಸಲು ನನಗಿನ್ನೂ ಬಂದಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಸಂದೀಪ್ ಭಾಗವತಿ 1991ರಲ್ಲಿ ಮ್ಯೂನಿಕ್‌ನಲ್ಲಿ ಗೆಳೆಯನೊಂದಿಗೆ ಸೇರಿ ಹೊಸ ಸಂಗೀತದ ಉತ್ಸವವನ್ನೇ ಕಟ್ಟಿದರು.

ಕಾಗದಪತ್ರದ ಮಾತು: ವಾರ್ಸಾ, ಡೊನೌಎಶಿಂಗೆನ್, ವಿಯೆನ್ನಾ ಮೂರಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಇಂಗ್ಲೆಂಡಿಗೆ ಬೇರೆ, ಅಮೆರಿಕಕ್ಕೆ ಬೇರೆ. ಶೆಂಗೆನ್‌ಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಕಿ. ನಾನು ಸಾವಕಾಶ ಮಾಡಿ, ಪಾಸ್‌ಪೋರ್ಟ್ ಹೊರಡುವ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಕೈಸೇರಿ, ಆ ದಿನದ ಉಪಾಹಾರವನ್ನು ಇಂದಿಗೂ ನೆನಪಿಸಿಕೊಳ್ಳಲಾರೆ.

ಹೋಗುವ ಮುಂಚೆ ಮನೆಯಲ್ಲೇ ಕಿವಿಯನ್ನು ಪರೀಕ್ಷೆಗೆ ಒಡ್ಡಿಕೊಳ್ಳಬಹುದು. ಮೊಬೈಲ್‌ನ ಸ್ಪೀಕರಿನಲ್ಲಿ ‘ಅಟ್ಮೊಸ್ಫೇರ್’ ಕೇಳಿದರೆ ಫ್ಯಾನ್ ತಿರುಗಿದಂತೆ ಇರುತ್ತದೆ, ಒಳ್ಳೆಯ ಹೆಡ್‌ಫೋನ್ ಬೇಕು. ಯೂರ್ಗ್ ಫ್ರೈಯ ಸಂಗೀತ ಪಿಸುಮಾತಿಗಿಂತ ಮೆಲ್ಲಗೆ; ಜುಲೈನಲ್ಲಿ ತಗಡಿನ ಶೀಟಿನ ಕೆಳಗೆ ಅದನ್ನು ಕೇಳುವ ಪ್ರಯತ್ನ ಮಾಡಿ ನಾನು ಸೋತಿದ್ದೇನೆ. ಅದನ್ನು ಜನವರಿಯ ರಾತ್ರಿಗೆ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಕ್ಸೆನಾಕಿಸ್ ಸರಿ. ಹಾಸ್‌ನ ‘ಇನ್ ವೇನ್’ಗೆ ಮಾತ್ರ ಕೊಡಗಿನ ಮಳೆಗಾಲ ಹೇಳಿಮಾಡಿಸಿದ್ದು. ಇಪ್ಪತ್ನಾಲ್ಕು ವಾದ್ಯಗಳಿಗೆ 2000ದಲ್ಲಿ, ಆಸ್ಟ್ರಿಯದ ಸರಕಾರದೊಳಗೆ ತೀವ್ರ ಬಲಪಂಥೀಯರು ಸೇರಿದ ಬೇಸರದಲ್ಲಿ ಬರೆದದ್ದು. ಕಚೇರಿಯ ನಡುವೆ ಎರಡು ಸಲ ಸಭಾಂಗಣದ ದೀಪಗಳನ್ನು ಪೂರ್ತಿ ಆರಿಸಿಬಿಡುತ್ತಾರೆ. ವಾದ್ಯದವರು ಕಗ್ಗತ್ತಲಿನಲ್ಲಿ ಬಾಯಿಪಾಠದಿಂದ, ಒಬ್ಬರನ್ನೊಬ್ಬರು ಆಲಿಸುತ್ತಾ ನುಡಿಸಬೇಕು. ಪಿಯಾನೊದ ಸಮ ಅಂತರದ ಸ್ವರಗಳಿಂದ ಜಾರಿ ಅದು ಮತ್ತೆ ಮತ್ತೆ ಸಹಜ ಸ್ವರಗಳ ಕಡೆಗೆ ತಿರುಗುತ್ತದೆ. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದೆ ತಾನಾಗಿ ಏಳುವ ಅಂತರ ಗಾಂಧಾರ ಕೇಳಿದವರಿಗೆ ಆ ಕ್ಷಣ ಕೂಡಲೇ ಗುರುತು ಹತ್ತುತ್ತದೆ. ಮುಂದಿನ ಸಲ ಗಾಳಿಗೆ ಮರ ಬಿದ್ದು ಲೈನ್ ಹೋದಾಗ ಮೇಣದಬತ್ತಿ ಹುಡುಕಬೇಡಿ. ಈ ಕೃತಿಯನ್ನು ಸಂಜೆಯೇ ಇಳಿಸಿಟ್ಟುಕೊಂಡಿರಬೇಕು, ಮೊಬೈಲ್‌ನಲ್ಲಿ ಚಾರ್ಜ್ ಇರಬೇಕು. ಎಪ್ಪತ್ತು ನಿಮಿಷ ಹಿಡಿಯುತ್ತದೆ.